ಸುಂದ್ರಮ್ಮನ ಅಂಗುಳ

ರಂಗಂಪೇಟಿ ಮಾನಪ್ಪ ಪತ್ತಾರ ಬಂಗಾರಕ ಬೆಂಕಿ ತೋರಿಸಾಕ ಹತ್ತಿ ನಲವತ್ತು ವರ್ಷ ಆಗಿದ್ವು. ಒಂದು ಸಲನೂ ಕೈ ತಪ್ಪಿದ್ದಿಲ್ಲ. ಇದು ಅವನ ಬಡಾಯಿ ಅಲ್ಲ, ಊರ ಮಂದಿನೇ ಹೇಳೋ ಮಾತು. ಕೂದಲೆಳಿಯಷ್ಟು ಬಿರುಕು ಬಿಟ್ಟ ನತ್ತು ತಂದು ಕೊಟ್ರ, ಊದುಗೊಳವಿ ಬಾಯಾಗ ಹಿಡದು ಎರಡು ಸಲ ಊದಿದ್ರ ಸಾಕು, ಎಲ್ಲಿ ಮುರದಿತ್ತು ಅಂತ ಮುರದಾಕಿಗೇ ಗೊತ್ತಾಗತಿದ್ದಿಲ್ಲ. ಅಂಥ ಕೈ ಒಂದೇ ಒಂದು ಸಲ ತಪ್ಪಿತು. ಬಂಗಾರದ ಮ್ಯಾಲ ತಪ್ಪಿದ್ರ ಯಾರು ಕೇಳತಿದ್ರು ಬಿಡ್ರಿ. ತಪ್ಪಿದ್ದು ಹೆಂಡತಿ ಸುಂದ್ರಮ್ಮನ ಬಾಯಿ ಮ್ಯಾಲ.

ಸುಂದ್ರಮ್ಮನ ಬಾಯಿ ಅಂದ್ರ ಸುಮ್ಮನಲ್ಲರಿ. "ಸುರಪುರದ ಸಂಸ್ಥಾನ ಹೋತು, ರಂಗಂಪೇಟಿಯೊಳಗ ಸುಂದ್ರಮ್ಮನ ಬಾಯಿ ಉಳೀತು" ಅಂತ ಓಣಿ ಮಂದಿ ನಗತಿದ್ರು. ನಮ್ಮ ಕಡಿ ಹೆಂಡತಿ ಆದಾಕಿ ಗಂಡನ ಹೆಸರು ಹಿಡದು ಕರಿಯಂಗಿಲ್ಲ. ಮದುವಿ, ಬಸರಿಗಿ ಮಾಡೋ ಕುಬಸ, ತೊಟ್ಟಿಲ ಅಂತ ಹೆಣ್ಮಕ್ಕಳು ಕೂಡಿದಾಗ ಮಾತ್ರ, ಒಡಪಿನೊಳಗ ಜೋಡಿಸಿ ಹೇಳಬೇಕು. ಉಳದವರು ಸೆರಗು ಬಾಯಿಗಿಟ್ಟು, ಅವ್ವ ಕಲಿಸಿದ ಎರಡು ಸಾಲು ಗೊಣಗಿ ಕುಂತುಬಿಡತಿದ್ರು. ಸುಂದ್ರಮ್ಮ ಹಂಗಲ್ಲ. ಎದ್ದು ನಿಂತು, ನಡಕ್ಕ ಕೈ ಕೊಟ್ಟು, ತಾನೇ ಕಟ್ಟಿದ್ದು ಹೇಳಾಕಿ:

ಕೆನಾಲ ನೀರ ಬಂತು ಕಕ್ಕೇರಿ ಹೊಲಕ,
ಕಟ್ಟಿ ಭತ್ತ ಬಂತು ಪ್ಯಾಟಿ ಕಣಕ,
ಬಂಗಾರ ಬಂತು ತಕ್ಕಡಿ ತಟ್ಟಿಯೊಳಕ,
ಊರ ಬಂಗಾರ ತೂಗೋ ಮಾನಪ್ಪಗ
ನನ್ನ ಮಾತಿನ ತೂಕ ತಿಳಿಲಿಲ್ಲ ಇಲ್ಲೀತನಕ!

ಹೊರಗ ಗಂಡಸರ ಜೋಡಿ ಕುಂತ ಮಾನಪ್ಪ ಆಗ ಒದರಬೇಕು: "ತಿಳದದ ಬಿಡು!" ಒಳಗ ಹೆಣ್ಮಕ್ಕಳು ಗೊಳ್ಳಂತ ನಗಬೇಕು. ಇದು ನಡಕೊಂಡು ಬಂದ ರೀತಿ. ಅವನು ಒದರದಿದ್ರ ಆಕಿ ಕೂಡತಿದ್ದಿಲ್ಲ, ಬಾಗಿಲಕಡಿ ನೋಡಕೊಂತ ಹಂಗೇ ನಿಂತಿರತಿದ್ಳು.

ಒಡಪಿನೊಳಗ ಸುಳ್ಳೇನೂ ಇದ್ದಿಲ್ಲ. ಕೆನಾಲ ನೀರು ಬಂದು ಹತ್ತು ಹನ್ನೆರಡು ವರ್ಷದಾಗ ಆ ಕಡಿ ಹೆಣ್ಮಕ್ಕಳಿಗಿ ಬಂಗಾರದ ಬೋರಮಾಳ ಸರದ ಆಸೆ ಹತ್ತಿತ್ತು, ಮಾನಪ್ಪನ ಕುಂಪಟಿ ಆರತಿದ್ದಿಲ್ಲ. ಆದ್ರ ಸುಂದ್ರಮ್ಮಗ ಒಂದು ಚಟ. ಎಡಗಡಿ ಗಲ್ಲದಾಗ ಯಾವಾಗಲೂ ತಂಬಾಕು. ಮೂವತ್ತು ವರ್ಷದ್ದು. "ಬಿಡ್ಲೇ ಸುಂದ್ರಾ" ಅಂತ ಅವನು ಅಂದ್ರ, "ನೀವು ಊದೋದು ಬಿಡ್ರಿ, ನಾ ತಿನ್ನೋದು ಬಿಡತೀನಿ" ಅಂತಿದ್ಳು. ಒಂದಿನ ಅಂಗುಳದಾಗ ಹುಣ್ಣಾತು. ಮೂರು ತಿಂಗಳಾದ್ರೂ ಮಾಯಲಿಲ್ಲ. ಕಲಬುರ್ಗಿಗಿ ಒಯ್ದ್ರ, ಡಾಕ್ಟರ ನೋಡಿದವರೇ ಕ್ಯಾನ್ಸರ ಅದ, ಕೊಯ್ಯಬೇಕು ಅಂದ್ರು. ಕೊಯ್ದು, ಮ್ಯಾಲ ಒಂದೂವರಿ ತಿಂಗಳು ಕರೆಂಟ ಕೊಟ್ಟರು. ರೋಗ ಹೋತು. ಅಂಗುಳದಾಗ ರೂಪಾಯಿ ಅಗಲ ತೂತು ಉಳೀತು.

ತೂತು ಅಂದ್ರ ಏನು ಅಂತ ಮಾನಪ್ಪಗ ಮನಿಗಿ ಬಂದ ಮ್ಯಾಲ ತಿಳೀತು. ನೀರು ಕುಡದ್ರ ಮೂಗಿನಿಂದ ಬರತಿತ್ತು. ಮಾತಾಡಿದ್ರ ಗಾಳಿ ಎಲ್ಲಾ ಮೂಗಿನ ಪಾಲು. ಕ ಇಲ್ಲ, ಪ ಇಲ್ಲ, ಟ ಇಲ್ಲ. ಮೊದಲೇ ಮೂಗಿನಿಂದ ಆಡೋ ಅಕ್ಷರ ಎರಡು, ಮ ಮತ್ತ ನ, ಅವೆರಡೇ ನೆಟ್ಟಗಿದ್ವು. ಉಳದವೆಲ್ಲಾ ಅವುಗಳ ಹೊಟ್ಟಿಯೊಳಗೇ ಹೋಗಿದ್ವು. "ರೊಟ್ಟಿ ಸುಡ್ಲೇನ್ರಿ" ಅಂತ ಕೇಳಿದ್ರ "ನೊನ್ನಿ ನುನ್ನೇನ್ನಿ" ಅನಸತಿತ್ತು. ಓಣಿ ಹುಡುಗರು ಅಣಕಿಸಿದ್ರು. ಸುಂದ್ರಮ್ಮ ಬಾಗಿಲು ಮುಚ್ಚಿಕೊಂಡು ಒಳಗ ಕುಂತ್ಳು. ಆರು ತಿಂಗಳು ಆ ಮನಿಯೊಳಗ ಕೈಸನ್ನಿ, ಕಣ್ಸನ್ನಿ ಅಷ್ಟೇ.

ಆವಾಗ ಯಾರೋ ಹೇಳಿದ್ರು, ಯಾದಗಿರಿ ಸ್ಟೇಶನ್ ಹತ್ರ ಶರೀಫಸಾಬ ಅಂತ ಹಲ್ಲಿನ ಸೆಟ್ಟು ಮಾಡೋನು ಹಾನ, ಹೈದರಾಬಾದಿನೊಳಗ ಕೆಲಸ ಕಲ್ತು ಬಂದಾನ, ಇಂಥ ತೂತು ಮುಚ್ಚಾಕೂ ಪ್ಲೇಟು ಮಾಡತಾನ ಅಂತ. ಗಂಡ ಹೆಂಡತಿ ಸುರಪುರದ ಬಸ್ಸು ಹತ್ತಿ, ಶಹಾಪುರ ದಾಟಿ, ಭೀಮಾ ಬ್ರಿಜ್ಜು ದಾಟಿ ಹೋದ್ರು.

ಶರೀಫಸಾಬ ತೆಳ್ಳಗಿನ ಮನಷ್ಯಾ, ಗಡ್ಡದ ತುಂಬ ಪ್ಲಾಸ್ಟರಿನ ಧೂಳು. ಸುಂದ್ರಮ್ಮನ ಬಾಯಾಗ ಬ್ಯಾಟರಿ ಬಿಟ್ಟು ನೋಡಿದ. "ಬಾಯಿ ಇನ್ನಾ ಛಲೋ ತೆರೀತದ ಅಕ್ಕೋರ. ಅಳತಿ ತಗೊಳ್ಳಾಕ ಬರ್ತದ. ಆದ್ರ ಕರೆಂಟ ಕೊಟ್ಟದ್ದಕ್ಕ ದವಡಿ ಬರಬರತ ಬಿಗಿ ಆಗ್ತದ" ಅಂತ ಒಂದು ಕಟ್ಟು ಚಪ್ಪಟಿ ಕಡ್ಡಿ ಕೊಟ್ಟ, ಐಸ್ ಕ್ಯಾಂಡಿ ಕಡ್ಡಿ ಇರ್ತಾವಲ್ಲ ಹಂಥವು. ಒಂದರ ಮ್ಯಾಲ ಒಂದಿಟ್ಟು ಹಲ್ಲಿನ ನಡುವ ಹಿಡೀಬೇಕು, ಮುಂಜಾನಿ, ಸಂಜಿಕ, ತಪ್ಪಂಗಿಲ್ಲ. ಅವತ್ತು ಸುಂದ್ರಮ್ಮನ ಬಾಯಾಗ ಹದಿನಾಲ್ಕು ಕಡ್ಡಿ ಹಿಡದ್ವು.

ಬಾಯಾಗ ಮೆತ್ತನ್ನ ಮುದ್ದಿ ಒತ್ತಿ ಅಳತಿ ತಗೊಂಡ. ಅದರ ಮ್ಯಾಲ ಪ್ಲಾಸ್ಟರ ಸುರದು ಅಚ್ಚು ಮಾಡಿದ. ಹಿತ್ತಾಳಿ ಡಬ್ಬಿಯೊಳಗ ಅಚ್ಚು ಕೂಡಿಸಿ, ಗುಲಾಬಿ ಪುಡಿಗಿ ಒಂದು ಬಾಟ್ಲಿಯಿಂದ ತೆಳ್ಳನ್ನ ನೀರಿನಂಥದ್ದು ಹಾಕಿ ಕಲಿಸಿದ. ಮೂಗಿಗಿ ಘಾಟು, ಸಿಹಿ ಸಿಹಿ ವಾಸನಿ ಬಂತು. ಮಾನಪ್ಪ ತಡೀಲಿಕ್ಕಾಗದ ಹತ್ರ ಸರದು ಕುಂತ. ಕಸಬಿನವನ ಮುಂದ ಕಸಬು ನಡದ್ರ ಅವನು ಸುಮ್ಮನ ಹೆಂಗ ಇರತಾನ?

"ಸಾಬ್ರ, ಈ ನೀರು ಕಲ್ಲಿನಂಗ ಗಟ್ಟಿ ಆಗ್ತದಂದ್ರಿ. ಹೆಂಗದು?"

"ಪತ್ತಾರ್ರ, ನೀವು ಸರ ಮಾಡೂವಾಗ ಬಿಡಿ ಕೊಂಡಿ ಇರ್ತಾವಲ್ಲ, ಇದರಾಗ ಹಂಥ ಬಿಡಿ ಕೊಂಡಿ ಅವ ಅಂತ ತಿಳಕೋರ್ರಿ. ಬಿಸಿ ತಾಕಿದ್ರ ಒಂದಕ್ಕೊಂದು ಸಿಗಹಾಕ್ಕೊಂತ ಹೋಗ್ತಾವ. ಉದ್ದಕ ಉದ್ದ ಸರ ಆಗ್ತದ. ಆವಾಗ ಗಟ್ಟಿ."

"ಬೆಸುಗಿ ಬ್ಯಾಡೇನ್ರಿ?"

"ಬಿಸಿನೇ ಬೆಸುಗಿ. ಆದ್ರ ಈ ಬಿಸಿನ ನಂಬಬಾರದು ನೋಡ್ರಿ. ಕುದಿಯೋ ನೀರಿನಷ್ಟಿದ್ರ ಕಟ್ಟತದ. ಅದಕ್ಕೂ ಏರಿಸ್ಕೊಂತ ಹೋದ್ರಿ ಅನ್ರಿ, ಒಂದು ಕಡಿ ಕೊಂಡಿ ಸೇರತಿರ್ತಾವ, ಒಂದು ಕಡಿ ಬಿಚ್ಚತಿರ್ತಾವ. ಒಂದು ಮಟ್ಟ ದಾಟಿತೋ, ಸೇರೋದು ಸೋಲ್ತದ, ಬಿಚ್ಚೋದು ಗೆಲ್ಲತದ. ತುದಿಯಿಂದ ಒಂದೊಂದೇ ಕಳಚಿ ತಿರುಗಿ ಈ ನೀರೇ ಆಗ್ತದ. ನಮ್ಮ ಉಸ್ತಾದರು ಒಮ್ಮಿ ಮುರದ ಸೆಟ್ಟು ಕಾಸಿ ತೋರಿಸಿದ್ರು. ಇದೇ ವಾಸನಿ ಬಂತು."

"ತಿರುಗಿ ನೀರಾಗ್ತದ!" ಮಾನಪ್ಪ ತೊಡಿ ತಟ್ಟಿದ. "ಅಂದ್ರ ನಮ್ಮ ಬಂಗಾರದಂಗೇ ಅನ್ರಿ. ಕರಗಿಸಿದ್ರ ಕರಗತದ, ಮತ್ತ ಹುಟ್ಟತದ."

ಶರೀಫಸಾಬ ಡಬ್ಬಿ ಬಿಗಿ ಮಾಡೋ ಗಡಿಬಿಡಿಯೊಳಗಿದ್ದ. "ಹ್ಞೂಂ" ಅಂದ. ಏನು ಕೇಳಿದ, ಏನು ಬಿಟ್ಟ, ಅವನಿಗೇ ಗೊತ್ತು. ಆ ಒಂದು ಹ್ಞೂಂ ಮಾನಪ್ಪನ ತಲಿಯೊಳಗ ಹೋಗಿ ಕುಂತುಬಿಡ್ತು. ಸೋಲೋದು, ಗೆಲ್ಲೋದು, ಮಟ್ಟ ದಾಟೋದು ಎಲ್ಲಾ ಹಾರಿಹೋತು.

ಡಬ್ಬಿ ನೀರಾಗ ಕುದಿಸಿ, ತಾಸುಗಟ್ಟಲೆ ಆರಿಸಿ, ಮರುದಿನ ತೆರೆದ. ಅಚ್ಚನ್ನ ಸುತ್ತಿಗಿಯಿಂದ ಒಡದು ಒಳಗಿಂದ ಪ್ಲೇಟು ತಗದ. "ಅಚ್ಚು ಒಡದೇ ಬಿಟ್ರಲ್ರಿ?" ಅಂದ್ರ, "ಇದು ಒಂದೇ ಸಲದ್ದು ಪತ್ತಾರ್ರ" ಅಂದ. ತಿಕ್ಕಿ ನಯ ಮಾಡಿ ಸುಂದ್ರಮ್ಮನ ಬಾಯಾಗ ಕೂಡಿಸಿ, "ಈಗ ಕ, ಪ, ಟ ಬರೂವಂಥ ಮಾತು ಏನರ ಆಡ್ರಿ ಅಕ್ಕೋರ" ಅಂದ.

ಸುಂದ್ರಮ್ಮ ಗಂಡನ ಮಾರಿ ನೋಡಿದ್ಳು. ಆರು ತಿಂಗಳಿಂದ ಒಳಗೇ ಕಟ್ಟಿಕೊಂಡದ್ದು ಒಮ್ಮಿಗೇ ಬಂತು.

"ಕೆಟ್ಟ ಪತ್ತಾರ! ಕಪ್ಪು ಪತ್ತಾರ!"

ಒಂದೊಂದು ಅಕ್ಷರ ಸುತ್ತಿಗಿ ಏಟಿನಂಗ ಬಿತ್ತು. ಶರೀಫಸಾಬ ಬಿದ್ದು ಬಿದ್ದು ನಕ್ಕ. ಮಾನಪ್ಪ ಗ್ವಾಡಿಕಡಿ ಮಾರಿ ಮಾಡಿ ಅತ್ತ. ಬಸ್ಸಿನೊಳಗ ರಂಗಂಪೇಟಿ ಬರೋ ತನಕ ಆಕಿ ಬಾಯಿ ಮುಚ್ಚಲಿಲ್ಲ. ಭೀಮಾ ಹೊಳಿ ನೀರು, ಕಂಡಕ್ಟರನ ಮೀಸಿ, ಶಹಾಪುರದ ಬಾಳಿಹಣ್ಣಿನ ರೇಟು, ಯಾವುದನ್ನೂ ಬಿಡಲಿಲ್ಲ.

ಒಂದು ವರ್ಷ ಛಲೋ ಹೋತು. ಸುಂದ್ರಮ್ಮ ತಿರುಗಿ ಓಣಿಗಿ ಒಡತಿ ಆದ್ಳು. ಆದ್ರ ಮನಷ್ಯಾರ ಬುದ್ಧಿ ನೋಡ್ರಿ, ಸುಖಾ ಬಂದ ಕೂಡಲೇ ಕಡ್ಡಿ ಮರತ್ಳು. ಇವತ್ತು ಬ್ಯಾಸರ, ನಾಳಿ ಪುರಸೊತ್ತಿಲ್ಲ. ಹದಿನಾಲ್ಕು ಹೋಗಿ ಹತ್ತಾತು, ಹತ್ತು ಹೋಗಿ ಎಂಟಾತು. ಪ್ಲೇಟು ತೆಳುವಿತ್ತು, ಓರಿ ಮಾಡಿ ಒಳಗ ನುಗಿಸಿದ್ರ ಹೋಗತಿತ್ತು. ಹೋಗ್ತದಲ್ಲ, ಸಾಕು ಅಂತಿದ್ಳು. ಮಾನಪ್ಪನೂ ಒತ್ತಾಯ ಮಾಡಲಿಲ್ಲ. ಮಾತಾಡಾಕತ್ಯಾಳಲ್ಲ, ಅಷ್ಟಕ್ಕೇ ಅವನ ಹೊಟ್ಟಿ ತುಂಬಿತ್ತು.

ಬ್ಯಾಸಗಿ ಬಂತು. ಒಳಗಿನ ಮಾಂಸ ಕುಗ್ಗಿತೋ ಏನೋ, ಪ್ಲೇಟು ಸಡಲಾತು. ಉಣ್ಣೂವಾಗ ಸಾರು ಮೂಗಿಗಿ ಏರಾಕ ಹತ್ತಿತು. ಮಾತಿನ ನಡುವ ಪ್ಲೇಟು ಲಟಕ್ ಅಂತ ಜಾರತಿತ್ತು. ಶಹಾಪುರದೊಳಗ ಸುಂದ್ರಮ್ಮನ ತಂಗಿ ಮಗಳು ಹಣಮಂತಮ್ಮನ ಕುಬಸ ಹನ್ನೆರಡು ದಿನ ಉಳದಿತ್ತು. "ದೊಡ್ಡವ್ವನ ಒಡಪ ಇಲ್ಲದ ನಾ ಆರತಿ ಮಾಡಿಸಿಕೊಳ್ಳಂಗಿಲ್ಲ" ಅಂತ ಆ ಹುಡುಗಿ ಹೇಳಿ ಕಳಿಸಿದ್ಳು. ಮಾನಪ್ಪ ಯಾದಗಿರಿಗಿ ಓಡಿದ. ಶರೀಫಸಾಬನ ಅಂಗಡಿಗಿ ಕೀಲಿ. ಬಾಜೂಕಿನ ಚಾದಂಗಡಿಯವ, "ಮಗಳ ಬಾಣಂತನ, ಹೈದರಾಬಾದಿಗಿ ಹೋಗ್ಯಾನ. ಯಾವಾಗ ಬರತಾನೋ ಖುದಾಗೇ ಗೊತ್ತು" ಅಂದ.

ಮರುದಿನ ಮಧ್ಯಾಹ್ನ ಸುಂದ್ರಮ್ಮ ಉಣ್ಣಾಕ ಕುಂತಾಕಿ ಅರ್ಧಕ್ಕೇ ಎದ್ದು, ಪ್ಲೇಟು ತಗದು ತೊಳದು, ಗಂಡನ ಕುಂಪಟಿ ಮುಂದ ಇಟ್ಟಳು. ಎಡಗಡಿ ಅಂಚು ಬೆರಳಿಂದ ತೋರಿಸಿದ್ಳು. ಇಲ್ಲಿ ಗಾಳಿ ಹೋಗ್ತದ. ಆಮ್ಯಾಲ ಅವನ ಊದುಗೊಳವಿ ಎತ್ತಿ ಅವನ ಕೈಯಾಗೇ ಕೊಟ್ಟಳು. ಬಾಯಿಂದ ಅನ್ನಾಕ ಬರಲಿಲ್ಲ, ಆದ್ರ ಕಣ್ಣಾಗ ಚ್ಯಾಷ್ಟಿ ಇತ್ತು. ಊರ ನತ್ತೆಲ್ಲಾ ಸರಿ ಮಾಡತೀರಿ, ಹೆಂಡತಿದು ಇಷ್ಟು ಒತ್ತಾಕ ಬರಂಗಿಲ್ಲೇನು?

ಮಾನಪ್ಪ ಒಂದು ಗಳಿಗಿ ಹಿಂಜರದ. ಆಮ್ಯಾಲ ಆ ಹ್ಞೂಂ ನೆನಪಾತು. ಕೆಟ್ಟರೂ ಏನಾಗ್ತದ, ತಿರುಗಿ ನೀರಾಗ್ತದ, ತಿರುಗಿ ಕಟ್ಟಿದ್ರಾತು. ದೀಪ ಹಚ್ಚಿದ.

ಮೊದಲು ದೂರದಿಂದ ಸಣ್ಣಗ ಊದಿದ. ಪ್ಲೇಟಿನ ಅಂಚು ಮೆತ್ತಗಾತು. ಬೆರಳಿಗಿ ನೀರು ಹಚ್ಚಿ ಒತ್ತಿದ, ಬಾಗಿತು. ಬಾಯಾಗ ಇಟ್ಟು ನೋಡಿದ್ರ ಆ ಮೂಲಿ ಕುಂತಿತ್ತು. "ಕುಂತದ ನೋಡ್ರಿ!" ಅಂದ್ಳು ಸುಂದ್ರಮ್ಮ, ಸ್ಪಷ್ಟ. ಶಿವನೇ, ಅಲ್ಲಿಗಿ ಬಿಟ್ಟಿದ್ರ ಮುಗೀತಿತ್ತು. ಹಿಂದಿನ ಅಂಚು ಇನ್ನೊಂದಿಷ್ಟು ಎತ್ತರ ಅನಸಿತು ಅವನಿಗಿ. ಪತ್ತಾರನ ಕಣ್ಣು ಕೂದಲಷ್ಟು ಸಂದಿ ಬಿಟ್ಟು ಏಳಂಗಿಲ್ಲ. ಅಲ್ಲಿ ಪ್ಲೇಟು ದಪ್ಪಿತ್ತು, ಬಾಗಲಿಲ್ಲ. ಹತ್ರ ಹಿಡದ. ಜೋರಾಗಿ ಊದಿದ.

ಬಂಗಾರ ಕರಗೋ ಮೊದಲು ಹೇಳಿ ಕರಗತದ. ಕೆಂಪಗಾಗ್ತದ, ಮಾರಿ ಹೊಳೀತದ, ಆಗ ಕೈ ಹಿಂದ ಸರೀತದ. ನಲವತ್ತು ವರ್ಷ ಅವನ ಕೈ ಆ ಬಣ್ಣ ನೋಡೇ ಸರದಿತ್ತು. ಈ ಪ್ಲೇಟು ಬಣ್ಣ ಬದಲಿಸಲಿಲ್ಲ. ಗುಲಾಬಿ ಇದ್ದದ್ದು ಗುಲಾಬಿನೇ ಇತ್ತು. ಅವನು ಬಣ್ಣ ಕಾಯಕೊಂತ ಊದಿದ. ಮೊದಲು ಬಂದದ್ದು ವಾಸನಿ, ಘಾಟು, ಸಿಹಿ ಸಿಹಿ. ಎಲ್ಲೋ ಮೂಸಿದ ವಾಸನಿ ಅಲ್ಲಾ ಇದು ಅನ್ನೂದ್ರಾಗ ಪ್ಲೇಟಿನ ಹೊಟ್ಟಿಯೊಳಗ ಗುಳ್ಳಿ ಎದ್ವು. ಅಂಚಿಗಿ ಉರಿ ಹತ್ತಿತು. ಗಾಬರಿಯಾಗಿ, ಕಾದ ಬಂಗಾರ ಅದ್ದಿದಂಗ ನೀರಾಗ ಅದ್ದಿದ. ಚುಂಯ್ ಅಂತು. ಹೊರಗ ತಗದ್ರ ಮುರುಟಿದ ಒಂದು ಗಂಟು. ನಡುವಿನ ಗುಬ್ಬಿ, ತೂತಿನೊಳಗ ಕೂಡೋ ಉಬ್ಬು, ಅರ್ಧ ಇದ್ದಿಲ್ಲ. ಗಾಳಿಯಾಗಿ ಹೋಗಿತ್ತು.

ಸುಂದ್ರಮ್ಮ ಬೈಯಲಿಲ್ಲ. ಬೈಯಾಕ ಬಾಯಿ ಬೇಕಲ್ಲ. ಗಂಟು ಕೈಯಾಗ ತಗೊಂಡು ಹೊಳ್ಳಿ ಮಳ್ಳಿ ನೋಡಿ, ಅವನ ಬೆನ್ನು ಸವರಿದ್ಳು. ಬೈದಿದ್ರ ಛಲೋ ಇತ್ತು ಅನಸಿತು ಮಾನಪ್ಪಗ.

ಐದನೇ ದಿನಕ್ಕ ಶರೀಫಸಾಬ ತಿರುಗಿ ಬಂದ, ಗಂಡ ಹೆಂಡತಿ ಯಾದಗಿರಿಗಿ ಓಡಿದ್ರು. ಐದೇ ದಿನ ರಿ! ಐದು ದಿನ ಸಾರು ಮೂಗಿಗಿ ಏರಿದ್ರ ಯಾರೂ ಸಾಯತಿದ್ದಿಲ್ಲ. ಗಂಟು ನೋಡಿ ಮೂಸಿದ, ತಲಿ ಕೆಳಗ ಹಾಕಿದ.

"ಸಾಬ್ರ, ನೀವೇ ಅಂದಿದ್ರಿ," ಮಾನಪ್ಪ ಅವನ ಕೈ ಹಿಡಕೊಂಡ, "ತಿರುಗಿ ನೀರಾಗ್ತದಂತ. ನೀರಾದದ್ದು ತಿರುಗಿ ಕಟ್ಟಾಕ ಬರ್ತದಲ್ಲ?"

"ನೀರಿಗಿ ಏನು ಬರ ಪತ್ತಾರ್ರ, ಬಾಟ್ಲಿ ತುಂಬ ಅದ. ಕಟ್ಟೋದೂ ಈಗೇ ಕಟ್ಟತೀನಿ. ಯಾವ ಅಚ್ಚಿನೊಳಗ ಕಟ್ಟಲಿ?" ಅಂದ ಶರೀಫಸಾಬ. "ಕೊಂಡಿ ಬಿಚ್ಚಿದ್ರ ಕೊಂಡಿ ಸಿಗತಾವ. ಅಕ್ಕೋರ ಅಂಗುಳದ ಆಕಾರ ಅದರಾಗ ಇರಂಗಿಲ್ಲ. ಇನ್ನೊಂದು ಅಚ್ಚು ಮಾಡಿ ಇಟ್ಟಿದ್ರ... ಥೂ, ನಂದೂ ತಪ್ಪದ."

ಹೊಸದಾಗಿ ಅಳತಿ ತಗೊಳ್ಳಬೇಕು. ಸುಂದ್ರಮ್ಮ ಬಾಯಿ ತೆರದ್ಳು. ಆರು ಕಡ್ಡಿ. ಪ್ಲೇಟು ಇಲ್ಲದ ಈ ಐದು ದಿನದಾಗ ದವಡಿ ಇನ್ನೂ ಕಚ್ಚಿಕೊಂಡಿತ್ತು. ಮುದ್ದಿ ತುಂಬೋ ಅಳತಿ ತಟ್ಟಿ ಒಳಗ ಹೋಗಲಿಲ್ಲ. ಶರೀಫಸಾಬ ತಟ್ಟಿನ ಎರಡು ಹೋಳು ಮಾಡಿ ಒಂದೊಂದೇ ನುಗಿಸಿ ನೋಡಿದ. ಎರಡನೇ ಹೋಳಿಗಿ ಮುದ್ದಿ ತೂತಿನೊಳಗ ಜಾರಿತು, ಆಕಿಗಿ ಉಸರು ಕಟ್ಟಿತು, ಕಣ್ಣು ಮ್ಯಾಲಾದ್ವು. ಶರೀಫಸಾಬ ಬೆರಳು ಹಾಕಿ ಮುದ್ದಿ ಎಳದು ತಗದು, ತಟ್ಟಿ ಕೆಳಗಿಟ್ಟ. "ನನ್ನಿಂದ ಆಗಂಗಿಲ್ಲ. ಮಾಡಿದ್ರ ಅಕ್ಕೋರ ಜೀವಕ್ಕ ಬರ್ತದ" ಅಂದ. ಕಲಬುರ್ಗಿಗೂ ಹೋಗಿ ಬಂದ್ರು. ಅವರೂ ಬಾಯಿ ತೆರದ್ರ ನೋಡೋಣ ಅಂದ್ರು. ತೆರೆಯೋ ಕಡ್ಡಿನ ಸುಂದ್ರಮ್ಮ ಈಗ ಹಗಲೆಲ್ಲಾ ಹಿಡದು ಕುಂತ್ಳು, ಕಣ್ಣೀರು ಇಳಿಯೋ ತನಕ ಹಿಡದ್ಳು. ಆರು ಐದಾದ್ವು.

ಕುಬಸಕ್ಕ ಬರಂಗಿಲ್ಲ ಅಂತಾಳ ಅನಕೊಂಡಿದ್ದ ಮಾನಪ್ಪ. ಆಕಿ ಮುಂಜಾನಿ ಇಳಕಲ್ ಸೀರಿ ಉಟ್ಟು ಬಾಗಿಲಾಗ ನಿಂತಿದ್ಳು.

ಶಹಾಪುರದ ಮನಿಯೊಳಗ ಹೆಣ್ಮಕ್ಕಳು ತುಂಬಿದ್ರು. ಹಣಮಂತಮ್ಮಗ ಹಸರು ಕುಬಸ, ಹಸರು ಬಳಿ. ಆರತಿ ಆತು. ಒಬ್ಬೊಬ್ಬರೇ ಒಡಪ ಹೇಳಿದ್ರು. ಸುಂದ್ರಮ್ಮನ ಸರದಿ ಬಂದಾಗ ಯಾರೂ ಕೇಳಲಿಲ್ಲ, ದಾಟಿಸಿ ಮುಂದಿನಾಕಿ ಕಡಿ ನೋಡಿದ್ರು. ಅದು ಕರುಣಿ ಅಂತ ತಿಳದ್ರೂ ಹೊರಗ ಕುಂತ ಮಾನಪ್ಪನ ಎದಿ ಉರೀತು. ಆಗ ಆಕಿನೇ ಎದ್ದು ನಿಂತ್ಳು, ನಡಕ್ಕ ಕೈ ಕೊಟ್ಟಳು.

"ನೆನಾನ ನೀನ ಮನ್ನು ನನ್ನೇನಿ ನೊನನ..."

ಧಾಟಿ ಅದೇ ಇತ್ತು, ಏರೋದು ಇಳಿಯೋದು ಎಲ್ಲಾ ಅದೇ. ಮಾತು ಒಂದೂ ಇದ್ದಿಲ್ಲ. ಕೆನಾಲಿಲ್ಲ, ಕಕ್ಕೇರಿ ಇಲ್ಲ, ತಕ್ಕಡಿ ಇಲ್ಲ. ಒಂದಿಬ್ಬರು ಸಣ್ಣ ಹುಡುಗಿಯರು ನಕ್ಕರು, ಅವರ ಅವ್ವಂದಿರು ಚೂಟಿದ್ರು. ಸುಂದ್ರಮ್ಮ ನಿಲ್ಲಿಸಲಿಲ್ಲ. ಮೂರು ಸಾಲು ಹಂಗೇ ದಾಟಿ ನಾಲ್ಕನೇದಕ್ಕ ಬಂದ್ಳು. ಮೂಗಿನಿಂದ ಬರೋ ಅಕ್ಷರ ಎರಡೇ ಆಕಿಗಿ ಉಳದಿದ್ವಲ್ಲ, ಆ ಎರಡೂ ಅಲ್ಲಿದ್ವು.

"...ಮಾನ..."

ಮಾನಪ್ಪ ಕೇಳಿದ. ಅಲ್ಲೀತನಕ ನೆಟ್ಟಗ ಹೊರಗ ಬಂದದ್ದು ಅವನ ಹೆಸರು ಒಂದೇ, ಅದೂ ಅರ್ಧ. ಬಾಕಿದ್ದೆಲ್ಲಾ ಅವನೇ ಊದಿ ಹಾರಿಸಿದ್ದ.

ಒಡಪ ಮುಗೀತು. ಸುಂದ್ರಮ್ಮ ಕೂಡಲಿಲ್ಲ, ಬಾಗಿಲಕಡಿ ನೋಡಕೊಂತ ನಿಂತ್ಳು. ಅವನು ಒದರಬೇಕು. ಒದರೋ ತನಕ ಆಕಿ ನಿಂತೇ ಇರತಾಳ ಅಂತ ಅವನಿಗಿ ಗೊತ್ತಿತ್ತು. ಎರಡು ಸಲ ಬಾಯಿ ತೆರದ, ಬರಲಿಲ್ಲ. ಮೂರನೇ ಸಲಕ್ಕ ಬಂತು.

"ತಿಳದದ ಬಿಡು, ಸುಂದ್ರಾ."

ಯಾರೂ ನಗಲಿಲ್ಲ. ಸುಂದ್ರಮ್ಮ ಕುಂತ್ಳು.